ತಿರುಗುವ ನಾದದ ಕಥೆ

ವಾದ್ಯವನ್ನು ಮಾಡುವವನೊಬ್ಬ, ನುಡಿಸುವವನು ಮತ್ತೊಬ್ಬ. ಸಂಗೀತದ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಇವರಿಬ್ಬರನ್ನೇ ನೆನೆಯುತ್ತಾರೆ. ಆದರೆ ಇವರ ನಡುವೆ ಸಾಲ್ಡರಿಂಗ್ ಐರನ್ ಹಿಡಿದು ಕುಳಿತ ಮೂರನೆಯವನೊಬ್ಬನಿರುತ್ತಾನೆ. ಒಂದು ಕೆಲಸಕ್ಕೆಂದು ಹುಟ್ಟಿದ ಯಂತ್ರವನ್ನು ಇನ್ನೊಂದಕ್ಕೆ ಒಗ್ಗಿಸುವವನು ಅವನು. ಅವನ ಪಾಲು ಕಿರಿದಲ್ಲವೆಂಬುದನ್ನು ಅಮೆರಿಕೆಯ ಒಂದು ಧ್ವನಿವರ್ಧಕದ ಕಥೆಯಿಂದ ತೋರಿಸಬಹುದೆಂದು ನನ್ನ ನಂಬಿಕೆ.

1935ರಲ್ಲಿ ಷಿಕಾಗೋ ನಗರದ ಲಾರೆನ್ಸ್ ಹ್ಯಾಮಂಡ್ ವಿದ್ಯುತ್ ಆರ್ಗನ್ ಒಂದನ್ನು ಮಾರುಕಟ್ಟೆಗೆ ತಂದನು. ಆತ ಅದಕ್ಕೆ ಮುಂಚೆ ವಿದ್ಯುತ್ ಗಡಿಯಾರಗಳನ್ನು ಮಾಡುತ್ತಿದ್ದವನು. ಗಡಿಯಾರಕ್ಕೆ ಬೇಕಾದ ಸಮವೇಗದ ಮೋಟಾರೇ ಈ ಆರ್ಗನ್ನಿನೊಳಗಿನ ಚಕ್ರಗಳನ್ನು ತಿರುಗಿಸಿ ಸ್ವರಗಳನ್ನು ಹುಟ್ಟಿಸುತ್ತಿತ್ತು. ಕೊಳವೆಗಳ ದೊಡ್ಡ ಆರ್ಗನ್ನನ್ನು ಕೊಳ್ಳಲಾರದ ಚರ್ಚುಗಳಿಗೆ ಇದು ವರವಾಯಿತು. 1937ರಲ್ಲಿ ಕ್ಯಾಲಿಫೋರ್ನಿಯಾದ ಡೊನಾಲ್ಡ್ ಲೆಸ್ಲಿಯೂ ಒಂದನ್ನು ಕೊಂಡನು. ಅಂಗಡಿಯ ವಿಶಾಲ ಕೋಣೆಯಲ್ಲಿ ತುಂಬಿ ಕೇಳುತ್ತಿದ್ದ ನಾದ ಮನೆಗೆ ಬಂದೊಡನೆ ನಿರ್ಜೀವವಾಯಿತು. ಕೊಳವೆಗಳ ಆರ್ಗನ್ನಿನಲ್ಲಿ ಒಂದೊಂದು ಸ್ವರವೂ ಒಂದೊಂದು ಜಾಗದಿಂದ ಹೊರಡುತ್ತದೆ; ಇಲ್ಲಾದರೋ ಎಲ್ಲವೂ ಒಂದೇ ಪೆಟ್ಟಿಗೆಯಿಂದ. ನಾದಕ್ಕೆ ಕೊರತೆಯಾದದ್ದು ಬಲವಲ್ಲ, ಚಲನೆ ಎಂದು ಲೆಸ್ಲಿಗೆ ಹೊಳೆಯಿತು.

ಜಾತ್ರೆಯಲ್ಲಿ ಗಿರಗಿರನೆ ಸುತ್ತುವ ಮರದ ಕುದುರೆಯ ಮೇಲೆ ಕುಳಿತ ಹುಡುಗನೊಬ್ಬ ಪೀಪಿ ಊದುತ್ತಿದ್ದಾನೆಂದು ಭಾವಿಸಿ. ಅವನು ನಮ್ಮತ್ತ ಬರುವಾಗ ಸ್ವರ ತುಸು ಏರುತ್ತದೆ, ದೂರ ಸರಿಯುವಾಗ ತುಸು ಇಳಿಯುತ್ತದೆ. 1842ರಲ್ಲಿ ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ ವಿವರಿಸಿದ ತತ್ತ್ವವಿದು. ಲೆಸ್ಲಿ ಇದನ್ನೇ ಮರದ ಪೆಟ್ಟಿಗೆಯೊಳಗೆ ಕೂರಿಸಿದನು. ಸೆಕೆಂಡಿಗೆ ಸುಮಾರು 800 ಕಂಪನಗಳಿಗಿಂತ ಮೇಲಿನ ಸ್ವರಗಳು ಮೇಲಂತಸ್ತಿನಲ್ಲಿ ತಿರುಗುವ ಕಹಳೆಗೆ ಹೋಗುತ್ತವೆ. ಆ ಕಹಳೆಗೆ ಬಾಯಿ ಎರಡು. ಒಂದು ಹಾಡಲು, ಇನ್ನೊಂದು ಬರಿಯ ತೂಕ ಸರಿದೂಗಲು. ಕೆಳಗಿನ ಸ್ವರಗಳು 15 ಇಂಚಿನ ಸ್ಪೀಕರಿನಿಂದ ಹೊರಟು, ಅದರಡಿಯಲ್ಲಿ ತಿರುಗುವ ಪೀಪಾಯಿಯ ಮೂಲಕ ಹೊರಬೀಳುತ್ತವೆ. ವೇಗಗಳೂ ಎರಡು: ಮಂದಗತಿಯಲ್ಲಿ ನಿಮಿಷಕ್ಕೆ 40ರಿಂದ 50 ಸುತ್ತು, ತ್ವರಿತಗತಿಯಲ್ಲಿ ಸುಮಾರು 400. ಹಗುರವಾದ ಕಹಳೆ ಬೇಗ ವೇಗ ಹಿಡಿಯುತ್ತದೆ, ಭಾರವಾದ ಪೀಪಾಯಿ ಹಿಂದುಳಿಯುತ್ತದೆ. ಎರಡೂ ಒಂದನ್ನೊಂದು ಹಿಡಿಯಹೋಗುವ ಆ ಕೆಲವು ಕ್ಷಣಗಳಲ್ಲಿ ಈ ಯಂತ್ರದ ಸೊಗಸೆಲ್ಲ ಇದೆ.

1940ರಲ್ಲಿ ಲೆಸ್ಲಿ ಇದನ್ನು ಹ್ಯಾಮಂಡ್ ಸಂಸ್ಥೆಯವರಿಗೆ ಕೇಳಿಸಿದನು. ಅವರು ಒಲ್ಲೆವೆಂದರು. ಮರುವರ್ಷ ಆತ ತಾನೇ ತಯಾರಿಸಿ ಮಾರತೊಡಗಿದನು. ಯಾರ ವಾದ್ಯಕ್ಕಾಗಿ ಅದು ಹುಟ್ಟಿತೋ ಅವರೇ ಅದನ್ನು ಬೇಡವೆಂದರೂ, ಚರ್ಚಿನ ವಾದಕರೂ ಜಿಮ್ಮಿ ಸ್ಮಿತ್‌ನಂಥ ಜಾಸ್ ಕಲಾವಿದರೂ ಅದನ್ನು ಹ್ಯಾಮಂಡ್ ಆರ್ಗನ್ನಿನಿಂದ ಬೇರ್ಪಡಿಸಲಾಗದಂತೆ ಬೆಸೆದುಬಿಟ್ಟರು.

ಇಲ್ಲಿಯವರೆಗೆ ಇದು ಆರ್ಗನ್ನಿನ ಕಥೆ. 1966ರ ಏಪ್ರಿಲ್‌ನಲ್ಲಿ ಲಂಡನ್ನಿನ ಆಬಿ ರಸ್ತೆಯ ಇ.ಎಂ.ಐ. ಸ್ಟುಡಿಯೋದಲ್ಲಿ ಅದು ಬೇರೆ ದಾರಿ ಹಿಡಿಯಿತು. ಬೀಟಲ್ಸ್ ತಂಡದ ಜಾನ್ ಲೆನನ್, ‘ಟುಮಾರೋ ನೆವರ್ ನೋಸ್’ ಹಾಡಿನಲ್ಲಿ ತನ್ನ ದನಿ ಪರ್ವತದ ತುದಿಯಿಂದ ದಲಾಯಿ ಲಾಮಾ ಪಠಿಸುವಂತೆ ಕೇಳಬೇಕೆಂದನು. ಇಪ್ಪತ್ತು ವರ್ಷದ ಇಂಜಿನಿಯರ್ ಜೆಫ್ ಎಮೆರಿಕ್, ಲೆಸ್ಲಿ ಪೆಟ್ಟಿಗೆಯ ವಿದ್ಯುನ್ಮಂಡಲವನ್ನೇ ಬಿಡಿಸಿ ಅದರೊಳಗೆ ಮನುಷ್ಯಕಂಠವನ್ನು ಹಾಯಿಸಿದನು. ಆಮೇಲೆ ಗಿಟಾರುಗಳೂ ಆ ದಾರಿ ಹಿಡಿದವು. 1971ರಲ್ಲಿ ಪಿಂಕ್ ಫ್ಲಾಯ್ಡ್ ತಂಡದ ‘ಎಕೋಸ್’ ಆರಂಭವಾಗುವುದು ಇದೇ ಪೆಟ್ಟಿಗೆಯ ಮೂಲಕ ಹಾಯ್ದ ಪಿಯಾನೋದ ಒಂದು ಒಂಟಿ ಸ್ವರದಿಂದ.

ಪೆಟ್ಟಿಗೆಯನ್ನು ಬಿಡಿಸಬೇಕಾಗಿ ಬಂದದ್ದೇಕೆ? ಗಿಟಾರಿನ ಪಿಕಪ್ಪಿನಿಂದ ಹೊರಡುವುದು ಒಂದು ವೋಲ್ಟಿನ ಚಿಕ್ಕದೊಂದು ಅಂಶ. ಆರ್ಗನ್ನಿನೊಳಗೆ ಆಗಲೇ ಬಲಗೊಂಡು ಬರುವ ಸಂಕೇತವನ್ನು ನಂಬಿ ಲೆಸ್ಲಿಯ 40 ವ್ಯಾಟ್ ಆಂಪ್ಲಿಫೈಯರನ್ನು ರಚಿಸಲಾಗಿದೆ. ಒಂದು ಕೊಡ ನೀರಿನಿಂದ ಗಿರಣಿಯ ಚಕ್ರ ತಿರುಗೀತೆ? ನಡುವೆ ಬೇಕಾದದ್ದು ಪ್ರೀ-ಆಂಪ್ಲಿಫೈಯರ್. ಅದನ್ನು ವಾಲ್ವಿನಿಂದ ಕಟ್ಟುವವರು ಬಹುಪಾಲು 12ಎಎಕ್ಸ್7, ಅಂದರೆ ಯೂರೋಪಿನ ಇಸಿಸಿ83 ವಾಲ್ವನ್ನು ಆರಿಸುತ್ತಾರೆ. ಒಂದೇ ಗಾಜಿನ ಬುರುಡೆಯೊಳಗೆ ಎರಡು ವಾಲ್ವುಗಳ ಸಂಸಾರ ಅದು. ಮೊದಲನೆಯದು ಸಂಕೇತವನ್ನು ಹತ್ತಾರು ಪಟ್ಟು ಹಿಗ್ಗಿಸುತ್ತದೆ. ಎರಡನೆಯದು ಅದನ್ನು ಉದ್ದವಾದ ಕೇಬಲಿನಲ್ಲಿ ಸೊರಗದಂತೆ ಸಾಗಿಸುತ್ತದೆ. ಮಿತಿ ಮೀರಿ ನುಡಿಸಿದಾಗ ವಾಲ್ವು ಥಟ್ಟನೆ ಮುರಿಯದೆ ಮೆಲ್ಲಗೆ ಒರಟಾಗುತ್ತದೆ. ಕಿವಿಗೆ ಹಿತವೆನಿಸುವುದು ಆ ಒರಟುತನವೇ. ಒಂದು ಕಾಲದಲ್ಲಿ ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕೂಡ ರೇಡಿಯೋ ವಾಲ್ವುಗಳನ್ನು ತಯಾರಿಸುತ್ತಿತ್ತು. ಅವುಗಳ ಕೆಂಪು ಬೆಳಕು ಹಿರಿಯ ಕೇಳುಗರಿಗೆ ಅಪರಿಚಿತವಲ್ಲ.

ಆದರೆ ಹಿಗ್ಗಿಸಿದರಷ್ಟೇ ಸಾಲದು. ಲೆಸ್ಲಿಯ 122 ಎಂಬ ಮಾದರಿಯಲ್ಲಿ ಸಂಗೀತ ಎರಡು ತಂತಿಗಳಲ್ಲಿ ಒಂದಕ್ಕೊಂದು ವಿರುದ್ಧವಾಗಿ ಸಾಗುತ್ತದೆ. ವೇಗ ಬದಲಿಸುವ ಅಪ್ಪಣೆಯೂ ನೇರ ವಿದ್ಯುತ್ತಿನ ರೂಪದಲ್ಲಿ ಅದೇ ತಂತಿಗಳ ಮೇಲೆ ಬರುತ್ತದೆ. 147 ಎಂಬ ಮಾದರಿಯಲ್ಲಿ ಅದಕ್ಕೆ ಬೇರೆ ತಂತಿ. ಅಲ್ಲದೆ, ಸಂಗೀತ ಹಾಯುವ ಆ ಆರು ಪಿನ್ನಿನ ಕನೆಕ್ಟರಿನಲ್ಲೇ ಮೋಟಾರಿಗೆ ಬೇಕಾದ ಮನೆಯ ವಿದ್ಯುತ್ತೂ ಹಾಯುತ್ತದೆ. ವಾಲ್ವಿಗೆ 250, 300 ವೋಲ್ಟು ಬೇಕು. ಸ್ವಿಚ್ಚು ಆರಿಸಿದ ಮೇಲೂ ಕಂಡೆನ್ಸರುಗಳು ಅದನ್ನು ಹಿಡಿದಿಟ್ಟುಕೊಂಡಿರುತ್ತವೆ. ಕಟ್ಟುವವನ ಅಜಾಗ್ರತೆಯ ಬೆಲೆ ಅಪಸ್ವರವಲ್ಲ, ಪ್ರಾಣ. ಇದನ್ನರಿತೂ ಆ ಕೆಲಸಕ್ಕೆ ಕೈಹಾಕುವವರನ್ನು ಬರಿಯ ಹವ್ಯಾಸಿಗಳೆಂದು ಕರೆಯಲು ನನಗೆ ಮನಸ್ಸು ಬಾರದು.

ಈ ಬಯಕೆಯನ್ನು ವ್ಯಾಪಾರಿಗಳೂ ಗುರುತಿಸಿದರು. 1965ರಲ್ಲಿ ಸಿ.ಬಿ.ಎಸ್. ಸಂಸ್ಥೆ ಗಿಟಾರು ತಯಾರಿಸುವ ಫೆಂಡರನ್ನೂ ಲೆಸ್ಲಿಯ ಉದ್ಯಮವನ್ನೂ ಕೊಂಡುಕೊಂಡಿತು. 1967ರಲ್ಲಿ ಗಿಟಾರಿಗೆಂದೇ ಮಾಡಿದ ಫೆಂಡರ್ ವೈಬ್ರಟೋನ್ ಬಂದಿತು. ಲೆಸ್ಲಿ ಪೆಟ್ಟಿಗೆಗೆ ಜೋಡಿಸುವ ಪ್ರೀ-ಆಂಪ್ಲಿಫೈಯರುಗಳನ್ನು ಕಾರ್ಖಾನೆಯೇ ಮಾರಿತು. ಕೊನೆಗೆ 1980ರಲ್ಲಿ ಲೆಸ್ಲಿ ಹೆಸರನ್ನೂ ಉದ್ಯಮವನ್ನೂ ಕೊಂಡವರು ಯಾರೆಂದಿರಿ? ನಲವತ್ತು ವರ್ಷಗಳ ಹಿಂದೆ ಬೇಡವೆಂದಿದ್ದ ಹ್ಯಾಮಂಡ್ ಸಂಸ್ಥೆಯವರೇ! ಲಾರೆನ್ಸ್ ಹ್ಯಾಮಂಡ್ ಅದಕ್ಕೆ ಏಳು ವರ್ಷ ಮುಂಚೆಯೇ ತೀರಿಕೊಂಡಿದ್ದನು. ಲೆಸ್ಲಿ 2004ರವರೆಗೆ ಬಾಳಿದನು.

ಇಂದು ಅಂಗೈಯಗಲದ ಡಿಜಿಟಲ್ ಪೆಟ್ಟಿಗೆಗಳು ಈ ನಾದವನ್ನು ಅನುಕರಿಸುತ್ತವೆ, ಚೆನ್ನಾಗಿಯೇ ಅನುಕರಿಸುತ್ತವೆ. ಆದರೂ ಹಳೆಯ ಪೆಟ್ಟಿಗೆಗೆ ಹೊಸ ಪ್ರೀ-ಆಂಪ್ಲಿಫೈಯರ್ ಕಟ್ಟುವವರು ಇನ್ನೂ ಇದ್ದಾರೆ. ಕೋಣೆಯ ಗೋಡೆಗಳಿಗೆ ಬಡಿದು ಹಿಂದಿರುಗುವ ನಿಜವಾದ ಗಾಳಿ ಅವರಿಗೆ ಬೇಕು. ಹ್ಯಾಮಂಡ್ ಲೆಸ್ಲಿಯನ್ನು ಊಹಿಸಲಿಲ್ಲ. ಲೆಸ್ಲಿ ಗಿಟಾರನ್ನು ಊಹಿಸಿ ತನ್ನ ಪೆಟ್ಟಿಗೆಯನ್ನು ಮಾಡಲಿಲ್ಲ. ಒಬ್ಬರು ಕಾಣದೆ ಬಿಟ್ಟ ಬಾಗಿಲನ್ನು ಇನ್ನೊಬ್ಬರು ತೆರೆದರು. ಆ ಬಾಗಿಲುಗಳಿಗೆ ತಿರುಗಣಿ ಜೋಡಿಸಿದವರ ಹೆಸರುಗಳು ಧ್ವನಿಮುದ್ರಿಕೆಗಳ ಹೊದಿಕೆಯ ಮೇಲೆ ಹೆಚ್ಚಾಗಿ ಅಚ್ಚಾಗುವುದಿಲ್ಲ. ಅವರ ಕೆಲಸ ಮಾತ್ರ ಹಾಡಿನೊಳಗೆ ಕೇಳುತ್ತಲೇ ಇದೆ.