ಗಗನ ಮಹಲಿನ ಮುಂದಿನ ಬಯಲು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ಯಾವ ತಾಲೂಕಿನವರಾದರೂ ಸರಿ, ಡಿಸಿ ಆಫೀಸು, ಕೋರ್ಟು, ದವಾಖಾನೆ, ಮದುವೆ ಜವಳಿ ಅಂತ ಒಂದಿಲ್ಲೊಂದು ದಿನ ವಿಜಾಪುರಕ್ಕೆ ಹೋಗಲೇಬೇಕು. (2014ರ ನವೆಂಬರ್ 1ರಿಂದ ಸರಕಾರಿ ಕಾಗದದಲ್ಲಿ ಅದು ವಿಜಯಪುರ. ನಮ್ಮ ಬಾಯಲ್ಲಿ ಮಾತ್ರ ಇನ್ನೂ ವಿಜಾಪುರವೇ!) ಅಲ್ಲಿ ಅರಕಿಲ್ಲೆಯೊಳಗೆ ಗಗನ ಮಹಲಿನ ದೊಡ್ಡ ಕಮಾನನ್ನು ನೋಡದವರು ಕಡಿಮೆ. ಆದರೆ ಕಮಾನಿನ ಮುಂದಿರುವ ಬಯಲನ್ನು ನೋಡಿದವರು ಎಷ್ಟು ಜನ?

ಗಗನ ಮಹಲನ್ನು ಒಂದನೆಯ ಅಲಿ ಆದಿಲ್ ಶಾಹ ಕಟ್ಟಿಸಿದ್ದು 1561ರ ಸುಮಾರಿಗೆ, ಅಂದರೆ ತಾಳಿಕೋಟೆ ಯುದ್ಧಕ್ಕೆ ನಾಲ್ಕು ವರ್ಷ ಮೊದಲು. ಕೆಳಗೆ ದರ್ಬಾರು, ಮೇಲೆ ಅರಮನೆಯವರ ವಾಸ. ಉತ್ತರ ದಿಕ್ಕಿಗೆ ಮೂರು ಕಮಾನುಗಳಿವೆ. ನಡುವಿನದರ ಅಗಲವೇ ಸುಮಾರು 60 ಅಡಿ. ಅಕ್ಕಪಕ್ಕದ ಎರಡು ಅಷ್ಟೇ ಎತ್ತರ, ಆದರೆ ಬಹಳ ಕಿರಿದು. ಇಷ್ಟು ಅಗಲದ ಕಮಾನು ಯಾಕೆ ಬೇಕಿತ್ತು? ನಡುವೆ ಕಂಬ ಬಂದರೆ ಒಳಗೆ ಕುಳಿತ ಸುಲ್ತಾನ ಹೊರಗಿನವರಿಗೆ ಕಾಣುವುದಿಲ್ಲ. ಕಂಬ ತೆಗೆದರೆ ಬಯಲಿನಲ್ಲಿ ನಿಂತವನಿಗೂ ದರ್ಬಾರು ಕಾಣುತ್ತದೆ. ಹಾಗಾಗಿ ಬಯಲು ಎಂಬುದು ಕಟ್ಟಡದ ಹೊರಗಿನ ಖಾಲಿ ಜಾಗ ಅಲ್ಲ, ಅದು ಕಟ್ಟಡದ ಅರ್ಧ ಭಾಗ.

1646ರಲ್ಲಿ ಮುಹಮ್ಮದ್ ಆದಿಲ್ ಶಾಹ ಕೋಟೆಯ ಪೂರ್ವಕ್ಕೆ ನ್ಯಾಯ ಕೊಡಲೆಂದು ದಾದ್ ಮಹಲ್ ಕಟ್ಟಿಸಿದ. ಅದೇ ಇಂದಿನ ಅಸಾರ ಮಹಲ್. ಇಲ್ಲಿಯೂ ಮುಂಭಾಗ ಪೂರ್ತಿ ತೆರೆದಿದೆ. ಎತ್ತರದ ನಾಲ್ಕು ಮರದ ಕಂಬಗಳ ಮೇಲೆ ಮಾಳಿಗೆ ನಿಂತಿದೆ. ಆದರೆ ಎದುರಿಗೆ ಬಯಲಿಲ್ಲ, ನೀರಿನ ಹೊಂಡವಿದೆ! ನೋಡಲು ಚೆಂದ, ತಂಪು ಕೂಡ. ಆದರೂ ನ್ಯಾಯ ಕೇಳುವವನಿಗೂ ಕೊಡುವವನಿಗೂ ನಡುವೆ ನೀರು ಬಂತು ಎಂದೇ ನನಗೆ ಅನಿಸುತ್ತದೆ.

1686ರ ಸೆಪ್ಟೆಂಬರಿನಲ್ಲಿ ಔರಂಗಜೇಬನಿಗೆ ಊರು ಶರಣಾಯಿತು. ಕೊನೆಯ ಸುಲ್ತಾನ ಸಿಕಂದರನನ್ನು ಬೆಳ್ಳಿ ಸರಪಳಿ ಹಾಕಿ ಗಗನ ಮಹಲಿಗೇ ತಂದರು ಎಂಬ ಮಾತು ಇಂದಿಗೂ ಉಂಟು. ಆಮೇಲೆ ಮಹಲಿನ ಮಾಡು ಹೋಯಿತು, ಮರದ ಕೆಲಸ ಹೋಯಿತು, ಕಲ್ಲಿನ ಕಮಾನು ಉಳಿಯಿತು. ಸಾತ್ ಮಂಜಿಲ್ ಎದುರಿನ ಜಲ ಮಂಜಿಲ್‌ನ ಗತಿಯೂ ಅಷ್ಟೇ. ಒಂದು ಕಾಲಕ್ಕೆ ಸುತ್ತ ನೀರು ತುಂಬಿಕೊಂಡಿದ್ದ ಆ ಪುಟ್ಟ ಮಂಟಪ ಈಗ ರಸ್ತೆ ಬದಿಯಲ್ಲಿ ಒಣಗಿ ನಿಂತಿದೆ.

ಇಂಗ್ಲಿಷರು 1885ರಲ್ಲಿ ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದರು. ಹೊಸದಾಗಿ ಕಟ್ಟುವ ಬದಲು ಹಳೆಯ ಮಹಲುಗಳನ್ನೇ ರಿಪೇರಿ ಮಾಡಿ ಕಚೇರಿ ಮಾಡಿಕೊಂಡರು. ಮಸೀದಿಯೊಂದು ಪ್ರವಾಸಿ ಬಂಗಲೆಯೂ ಆಗಿತ್ತು, ಅದನ್ನು ತೆರವು ಮಾಡಿಸಿದ್ದು ಲಾರ್ಡ್ ಕರ್ಜನ್. ಅವನ ಕಾಲದಲ್ಲೇ, 1904ರಲ್ಲಿ, ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ಕಾಯ್ದೆ ಬಂತು. ಸ್ಮಾರಕ ಉಳಿಯಿತು, ಒಳ್ಳೆಯದೇ ಆಯಿತು. ಆದರೆ ಅಷ್ಟರಲ್ಲಿ ಆಡಳಿತದ ರೀತಿಯೇ ಬದಲಾಗಿತ್ತು. ಬಯಲಿನಲ್ಲಿ ನಿಂತು ದೊರೆಯನ್ನು ನೋಡುತ್ತಿದ್ದ ರೈತ ಈಗ ಅರ್ಜಿ ಹಿಡಿದು ಬಾಗಿಲ ಬಳಿ ಕಾಯತೊಡಗಿದ.

ಸ್ವಾತಂತ್ರ್ಯದ ನಂತರದ ನಮ್ಮ ಮಾದರಿ ಎಂದರೆ ಚೌಕ್. ಗಾಂಧಿ ಚೌಕ್, ಬಸವೇಶ್ವರ ಚೌಕ್, ಶಿವಾಜಿ ಚೌಕ್. ನಡುವೆ ಪ್ರತಿಮೆ, ಸುತ್ತ ಕಟ್ಟೆ, ಅದರ ಸುತ್ತ ಗಾಡಿಗಳು. ತಾಲೂಕು ಊರುಗಳಲ್ಲಿಯೂ ಇದೇ ನಕಾಶೆ. ಹೂಮಾಲೆ ಹಾಕಲು, ಮೆರವಣಿಗೆ ನಿಲ್ಲಿಸಲು, ಧರಣಿಗೆ ಇದು ಅನುಕೂಲವೇ. ಆದರೆ ನಾಲ್ಕು ಮಂದಿ ಸುಮ್ಮನೆ ಕುಳಿತು ಮಾತಾಡಲು ಜಾಗ ಎಲ್ಲಿದೆ ಹೇಳಿ?

ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣ ಕಲ್ಯಾಣದಲ್ಲಿ ಅನುಭವ ಮಂಟಪದ ಮೂಲಕ ತೋರಿಸಿದ್ದು ಇದನ್ನೇ ಅಲ್ಲವೇ? ಸಿಂಹಾಸನದ ಎದುರು ನಿಲ್ಲುವುದಲ್ಲ, ಎಲ್ಲರೂ ಒಟ್ಟಿಗೆ ಕುಳಿತು ಮಾತಾಡುವುದು. ಅಂಥವನನ್ನು ನಾವು ಹಾರ್ನ್ ಸದ್ದಿನ ನಡುವೆ ಎತ್ತರದ ಕಟ್ಟೆಯ ಮೇಲೆ ಒಬ್ಬನನ್ನೇ ನಿಲ್ಲಿಸಿದ್ದೇವೆ.

2010ರ ತಿದ್ದುಪಡಿಯಾದ ಮೇಲೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ಕಾಯ್ದೆ ಗೋಡೆ ಏಳದಂತೆ ತಡೆಯಬಹುದು, ಜನ ಬಂದು ಕೂರುವಂತೆ ಮಾಡಲಾರದು. ಅದಕ್ಕೆ ನೆರಳು ಬೇಕು, ಕುಡಿಯುವ ನೀರು ಬೇಕು, ಬೇಸಿಗೆಯಲ್ಲಿ ಕಾದ ಕಲ್ಲಿನ ಬದಲು ಒಂದು ಮರ ಬೇಕು. ಅರಮನೆ ಕಟ್ಟಿಸಿದವರು ಜನ ನಿಲ್ಲಲೆಂದು ಬಯಲು ಬಿಟ್ಟಿದ್ದರು. ಈಗ ದೊರೆಗಳು ನಾವೇ ಆಗಿದ್ದೇವೆ, ನಮಗೆ ನಾವೇ ಕೂರಲು ಜಾಗ ಬಿಟ್ಟುಕೊಳ್ಳದಿದ್ದರೆ ಹೇಗೆ?