ಬಣ್ಣ ಹಿಡಿಯದ ಎಳೆ

ಜಮಖಂಡಿಯೂ ಮುಧೋಳವೂ ಸಂಸ್ಥಾನಗಳಾಗಿದ್ದ ಕಾಲದಲ್ಲಿ, ಊರ ವೈದ್ಯರ ಕೈಮೀರಿದ ಬೇನೆ ಬಂದಿತೆಂದರೆ ಆ ಭಾಗದ ಜನ ಮುಖ ಮಾಡುತ್ತಿದ್ದುದು ಮಿರಜದ ಕಡೆಗೆ. ಪಟವರ್ಧನರದೇ ಇನ್ನೊಂದು ಸಂಸ್ಥಾನವಾಗಿದ್ದ ಆ ಊರಿನಲ್ಲಿ ವಿಲಿಯಂ ವಾನ್ಲೆಸ್ ಎಂಬ ಮಿಶನರಿ ಡಾಕ್ಟರರು ೧೮೯೪ರಲ್ಲಿ ಆಸ್ಪತ್ರೆ ತೆರೆದಿದ್ದರು. ಶಸ್ತ್ರವೈದ್ಯದಲ್ಲಿ ಅವರ ಕೈಗುಣದ ಮಾತು ಕೃಷ್ಣೆಯ ಎರಡೂ ದಂಡೆಗಳಲ್ಲಿ ಹಬ್ಬಿತ್ತು. ಆದರೆ ಹೊಟ್ಟೆಯೊಳಗೆ ಏನಿದೆಯೆಂದು ತಿಳಿಯಲು ಅಂದಿನ ಯಾವ ವೈದ್ಯನಿಗೂ ಇದ್ದ ಸಾಧನಗಳು ಎರಡೇ: ಮುಟ್ಟಿ ನೋಡುವ ಬೆರಳು, ತೆರೆದು ನೋಡುವ ಚೂರಿ.

ಮಿರಜದ ಆಸ್ಪತ್ರೆ ತೆರೆದ ಮರುವರ್ಷವೇ, ೧೮೯೫ರ ನವೆಂಬರಿನಲ್ಲಿ, ಜರ್ಮನಿಯ ರೋಂಟ್ಜೆನ್ ಮಹಾಶಯ ಕ್ಷ-ಕಿರಣವನ್ನು ಕಂಡುಹಿಡಿದನು. ಮುರಿದ ಎಲುಬು, ನುಂಗಿದ ನಾಣ್ಯ, ನಾಟಿದ ಗುಂಡು ಎಲ್ಲವೂ ಕಣ್ಣಿಗೆ ಬಿದ್ದವು. ಯಕೃತ್ತಿನೊಳಗಿನ ಗಂಟು ಮಾತ್ರ ಕಾಣಲಿಲ್ಲ. ಎಲುಬು ಕಿರಣವನ್ನು ತಡೆಯುತ್ತದೆ. ಮೆತ್ತನೆಯ ಮಾಂಸವಾದರೋ ರೋಗವಿದ್ದರೂ ಇಲ್ಲದಿದ್ದರೂ ಅದನ್ನು ಹೆಚ್ಚುಕಡಿಮೆ ಒಂದೇ ಬಗೆಯಾಗಿ ಹಾಯಗೊಡುತ್ತದೆ. ಈ ಒಂದು ಅಂಗವನ್ನು ಕಾಣಲು ವೈದ್ಯಲೋಕ ಪಟ್ಟ ಪಾಡು ಒಂದು ಶತಮಾನಕ್ಕೂ ಮಿಕ್ಕಿದ ಕಥೆ.

ಯಕೃತ್ತನ್ನೇ ಕಾಣಬೇಕೆಂಬ ಹಟವೇಕೆ? ಮುಧೋಳದ ಘಟಪ್ರಭೆ ಸುತ್ತಲ ಹಳ್ಳಕೊಳ್ಳಗಳ ನೀರನ್ನೆಲ್ಲ ಕೂಡಿಸಿಕೊಂಡು ಹೋಗಿ ಕೃಷ್ಣೆಯನ್ನು ಸೇರುತ್ತದೆ. ಹಾಗೆಯೇ ಕರುಳು, ಜಠರಗಳ ರಕ್ತವೆಲ್ಲ ಒಂದೇ ದೊಡ್ಡ ಅಭಿಧಮನಿಯಲ್ಲಿ ಕೂಡಿ ಯಕೃತ್ತಿಗೆ ಹರಿಯುತ್ತದೆ. ಯಕೃತ್ತಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಈ ದಾರಿಯದು. ಮೇಲಿನ ಹೊಲದ ಕಸ ಹೊಳೆಗೆ ಬಿದ್ದರೆ ಕೆಳಗಿನ ಮಡುವಿನಲ್ಲಿ ತಂಗುವುದಿಲ್ಲವೇ? ದೊಡ್ಡ ಕರುಳಿನಲ್ಲಿ ಹುಟ್ಟಿದ ಏಡಿಗಂತಿಯ ಕಣಗಳೂ ಹಾಗೆಯೇ ತೇಲಿಬಂದು ಇಲ್ಲಿ ತಂಗುತ್ತವೆ.

ಆದರೂ ಬರಿಯ ದಾರಿಯಿಂದಲೇ ಎಲ್ಲವನ್ನೂ ವಿವರಿಸಲಾಗದು. ೧೮೮೯ರಲ್ಲಿ ಲಂಡನ್ನಿನ ಸ್ಟೀಫನ್ ಪ್ಯಾಜೆಟ್ ಸ್ತನದ ಕ್ಯಾನ್ಸರಿನಿಂದ ಮಡಿದ ೭೩೫ ಮಂದಿಯ ದಾಖಲೆಗಳನ್ನು ಪರಿಶೀಲಿಸಿದನು. ಆ ರೋಗ ಕಂಡ ಅಂಗದಲ್ಲೆಲ್ಲ ಬೇರುಬಿಟ್ಟಿರಲಿಲ್ಲ. ಯಕೃತ್ತಿನಲ್ಲಿ ಮಾತ್ರ ಮೇಲಿಂದ ಮೇಲೆ ಕಾಣಿಸಿತ್ತು. ಬೀಜ ಎಲ್ಲ ಕಡೆಗೂ ಹಾರುತ್ತದೆ, ಒಪ್ಪುವ ನೆಲದಲ್ಲಷ್ಟೇ ಮೊಳೆಯುತ್ತದೆ ಎಂಬುದು ಅವನ ತೀರ್ಮಾನ. ಬಿಳಿಜೋಳಕ್ಕೆ ಎರೆ ನೆಲವೇ ಆಗಬೇಕೆಂದು ಬಲ್ಲ ಬೀಳಗಿಯ ಒಕ್ಕಲಿಗನಿಗೆ ಈ ಸಿದ್ಧಾಂತವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಣದ ಅಂಗವನ್ನು ಕಾಣಿಸುವ ಮೊದಲ ಉಪಾಯ ಅಮೆರಿಕದಲ್ಲಿ ಹೊಳೆಯಿತು. ಸೇಂಟ್ ಲೂಯಿಸ್ ನಗರದ ಗ್ರಹಾಂ ಮತ್ತು ಕೋಲ್ ಎಂಬ ಶಸ್ತ್ರವೈದ್ಯರು ೧೯೨೪ರಲ್ಲಿ, ಯಕೃತ್ತು ರಕ್ತದಿಂದ ಹೀರಿ ಪಿತ್ತದೊಡನೆ ಹೊರಹಾಕುವಂಥ ಒಂದು ದ್ರವ್ಯವನ್ನು ಆರಿಸಿಕೊಂಡರು. ಕ್ಷ-ಕಿರಣವನ್ನು ತಡೆಯುವ ಭಾರವಾದ ಅಣುಗಳು ಅದರಲ್ಲಿ ಸೇರಿದ್ದವು. ಅದನ್ನು ರಕ್ತಕ್ಕೆ ಕೊಟ್ಟಾಗ ಪಿತ್ತಕೋಶ ಚಿತ್ರದಲ್ಲಿ ಮೂಡಿತು. ಅಂಗವನ್ನು ಹೊರಗಿನಿಂದ ಬೆಳಗಿಸುವುದಕ್ಕಿಂತ, ಅದರ ನಿತ್ಯದ ಕೆಲಸವನ್ನೇ ಅದನ್ನು ಬೆಳಗಿಸುವ ದೀಪವನ್ನಾಗಿ ಮಾಡಿಕೊಳ್ಳುವುದು ಮೇಲೆಂಬ ಈ ವಿಚಾರವನ್ನು ಓದುಗರು ನೆನಪಿನಲ್ಲಿಡಬೇಕು. ಎಂಬತ್ತು ವರ್ಷಗಳ ಅನಂತರ ಅದು ಮತ್ತೆ ಬರಲಿದೆ.

ನಡುವೆ ಒಂದು ಕರಾಳ ಅಧ್ಯಾಯವಿದೆ. ೧೯೩೦ರ ಸುಮಾರಿಗೆ ಜರ್ಮನಿಯಿಂದ ಥೋರೊಟ್ರಾಸ್ಟ್ ಎಂಬ ದ್ರವ ಬಳಕೆಗೆ ಬಂದಿತು. ಅದು ಥೋರಿಯಂ ಧಾತುವಿನ ನುಣ್ಣನೆಯ ಕಣಗಳ ದ್ರಾವಣ. ಆರೋಗ್ಯವಂತ ಯಕೃತ್ತು ಈ ಕಣಗಳನ್ನು ನುಂಗಿ ಇಟ್ಟುಕೊಳ್ಳುತ್ತಿತ್ತು, ಗಂಟು ನುಂಗುತ್ತಿರಲಿಲ್ಲ. ಚಿತ್ರದಲ್ಲಿ ಯಕೃತ್ತು ತುಂಬಿಕೊಂಡು, ಗಂಟಿನ ಜಾಗ ಖಾಲಿಯಾಗಿ ಕಾಣುತ್ತಿತ್ತು. ಅಷ್ಟು ಸ್ಪಷ್ಟವಾದ ಚಿತ್ರವನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಕೊಟ್ಟೊಡನೆ ರೋಗಿಗೆ ಯಾವ ತೊಂದರೆಯೂ ಆಗುತ್ತಿರಲಿಲ್ಲ. ಆದರೆ ಥೋರಿಯಂ ವಿಕಿರಣಶೀಲ ವಸ್ತು, ಒಳಹೊಕ್ಕದ್ದು ಹೊರಬರುವುದೂ ಇಲ್ಲ. ಎಚ್ಚರಿಕೆಯ ಮಾತು ೧೯೩೨ರಷ್ಟು ಹಿಂದೆಯೇ ಅಮೆರಿಕದಲ್ಲಿ ಕೇಳಿಬಂದಿತ್ತಾದರೂ ಚಿತ್ರದ ಸೊಗಸು ಅದನ್ನು ಮರೆಸಿತು. ಎರಡು ಮೂರು ದಶಕಗಳ ತರುವಾಯ, ಆ ದ್ರವವನ್ನು ಪಡೆದವರ ಯಕೃತ್ತುಗಳಲ್ಲೇ ಕ್ಯಾನ್ಸರು ಹುಟ್ಟತೊಡಗಿತು. ರೋಗವನ್ನು ಹುಡುಕಹೋದ ದೀಪವೇ ಮನೆಗೆ ಕಿಚ್ಚಿಟ್ಟಿತ್ತು. ೧೯೫೦ರ ದಶಕ ಮುಗಿಯುವ ಹೊತ್ತಿಗೆ ಅದರ ಬಳಕೆ ಬಹುಮಟ್ಟಿಗೆ ನಿಂತುಹೋಯಿತು.

ಅತ್ತ ಭೌತವಿಜ್ಞಾನಿಗಳು ಬೇರೊಂದು ದಾರಿ ತೆರೆಯುತ್ತಿದ್ದರು. ಪ್ರಬಲವಾದ ಅಯಸ್ಕಾಂತದ ನಡುವೆ ಇಟ್ಟ ವಸ್ತುವಿನಲ್ಲಿ ಜಲಜನಕದ ಪರಮಾಣುಗಳ ಬೀಜಗಳು ರೇಡಿಯೋ ಅಲೆಗೆ ಮಾರ್ನುಡಿಯುತ್ತವೆ ಎಂಬುದನ್ನು ಬ್ಲಾಖ್ ಮತ್ತು ಪರ್ಸೆಲ್ ೧೯೪೬ರಲ್ಲಿ, ಒಬ್ಬರಿಗೊಬ್ಬರು ತಿಳಿಯದೆ, ತೋರಿಸಿಕೊಟ್ಟರು. ನಮ್ಮ ದೇಹದ ಬಹುಭಾಗ ನೀರು, ನೀರಿನಲ್ಲಿ ಜಲಜನಕವಿದೆ. ೧೯೭೧ರಲ್ಲಿ ರೇಮಂಡ್ ಡಮೇಡಿಯನ್ ಎಂಬ ವೈದ್ಯನು, ಇಲಿಗಳ ಕ್ಯಾನ್ಸರ್ ಗಂಟುಗಳಲ್ಲಿ ಈ ಮಾರ್ನುಡಿ ಆರೋಗ್ಯವಂತ ಅಂಗಾಂಶಕ್ಕಿಂತ ನಿಧಾನವಾಗಿ ಅಡಗುತ್ತದೆಂದು ಕಂಡನು. ೧೯೭೩ರಲ್ಲಿ ಪಾಲ್ ಲೌಟರ್ಬರ್ ಅದರಿಂದ ಚಿತ್ರ ಮೂಡಿಸುವ ಕ್ರಮವನ್ನು ಪ್ರಕಟಿಸಿದನು. ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಚಿತ್ರಗಳು ಬೇಗನೆ ಮೂಡುವಂತೆ ಮಾಡಿದನು. ಈ ಇಬ್ಬರಿಗೆ ೨೦೦೩ರಲ್ಲಿ ನೊಬೆಲ್ ಪಾರಿತೋಷಕ ಬಂದಿತು, ಡಮೇಡಿಯನ್‌ನಿಗೆ ಬರಲಿಲ್ಲ. ಎಂ.ಆರ್.ಐ. ಎಂದು ಇಂದು ಮನೆಮಾತಾಗಿರುವುದು ಇದೇ. ಇದರಲ್ಲಿ ಕ್ಷ-ಕಿರಣದ ಸೋಂಕಿಲ್ಲ.

ಇಷ್ಟಾದರೂ ಯಕೃತ್ತಿನ ಸಣ್ಣ ಗಂಟು ಕಣ್ಣು ತಪ್ಪಿಸುತ್ತಲೇ ಇತ್ತು. ಆಗ ಗ್ಯಾಡೋಲಿನಿಯಂ ಎಂಬ ಲೋಹ ನೆರವಿಗೆ ಬಂದಿತು. ಅದರ ಪರಮಾಣು ಸ್ವತಃ ಪುಟ್ಟ ಅಯಸ್ಕಾಂತದಂತೆ ವರ್ತಿಸಿ ಸುತ್ತಲ ನೀರಿನ ಸಂಕೇತವನ್ನು ಪ್ರಕಾಶಗೊಳಿಸುತ್ತದೆ. ಒಂಟಿಯಾಗಿದ್ದರೆ ಅದು ವಿಷ. ಆದುದರಿಂದ ರಸಾಯನಜ್ಞರು ಅದನ್ನು ಇನ್ನೊಂದು ಅಣುವಿನ ಬಿಗಿಮುಷ್ಟಿಯಲ್ಲಿ ಸೆರೆಯಿಟ್ಟು ರಕ್ತಕ್ಕೆ ಬಿಡುತ್ತಾರೆ. ಬರ್ಲಿನ್ನಿನ ಶೆರಿಂಗ್ ಕಂಪನಿಯ ಇಂಥ ಮೊದಲ ಔಷಧಕ್ಕೆ ೧೯೮೮ರಲ್ಲಿ ಅಮೆರಿಕದ ಒಪ್ಪಿಗೆ ದೊರೆಯಿತು. ಅದು ರಕ್ತದೊಡನೆ ಹರಿದು ಮೂತ್ರದಲ್ಲಿ ಹೋಗುತ್ತಿತ್ತು. ಯಕೃತ್ತಿನ ಕಣಗಳೊಳಗೆ ಹೋಗುತ್ತಿರಲಿಲ್ಲ. ಅದೇ ಸಂಸ್ಥೆಯ ಗ್ಯಾಡೊಕ್ಸೆಟಿಕ್ ಆಮ್ಲವೆಂಬ ಇನ್ನೊಂದು ಔಷಧ ೨೦೦೪ರಲ್ಲಿ ಯುರೋಪಿನಲ್ಲಿಯೂ ೨೦೦೮ರಲ್ಲಿ ಅಮೆರಿಕದಲ್ಲಿಯೂ ಒಪ್ಪಿಗೆ ಪಡೆಯಿತು. ಇದರಲ್ಲಿ ಸುಮಾರು ಅರ್ಧದಷ್ಟನ್ನು ಯಕೃತ್ತಿನ ಕಣಗಳು ಹೀರಿಕೊಂಡು ಪಿತ್ತಕ್ಕೆ ಬಿಡುತ್ತವೆ. ಗ್ರಹಾಂ ಮತ್ತು ಕೋಲರ ವಿಚಾರ ಮರಳಿ ಬಂದಿತ್ತು.

ರಬಕವಿ-ಬನಹಟ್ಟಿಯ ನೇಕಾರರಿಗೆ ಇದು ಹೊಸ ಮಾತಲ್ಲ. ನೂಲಿನ ಲಡಿಯನ್ನು ಬಣ್ಣದಲ್ಲಿ ಅದ್ದುವ ಮೊದಲು ಚೆನ್ನಾಗಿ ಕುದಿಸಿ ತೊಳೆಯಬೇಕು. ಜಿಡ್ಡು ಉಳಿದಲ್ಲಿ ಬಣ್ಣ ಹಿಡಿಯದು. ಅದ್ದುವ ಮುನ್ನ ಎಲ್ಲ ಎಳೆಯೂ ಒಂದೇ ಬಿಳುಪು, ತಪ್ಪು ಕಾಣಿಸದು. ಅದ್ದಿ ತೆಗೆದ ಮೇಲೆ ಕೆಟ್ಟ ಎಳೆ ತಾನಾಗಿಯೇ ಎದ್ದುಕಾಣುತ್ತದೆ. ಔಷಧ ಕೊಟ್ಟು ಸುಮಾರು ಇಪ್ಪತ್ತು ನಿಮಿಷ ಕಾದರೆ ಯಕೃತ್ತಿನ ಸ್ಥಿತಿಯೂ ಹೀಗೆಯೇ. ಅದರ ಆರೋಗ್ಯವಂತ ಕಣಗಳೆಲ್ಲ ಬಣ್ಣ ಹಿಡಿದಂತೆ ಬೆಳಗುತ್ತವೆ. ಬೇರೆಡೆಯಿಂದ ಬಂದು ನೆಲೆಸಿದ ಕ್ಯಾನ್ಸರಿನಲ್ಲಿ ಯಕೃತ್ತಿನ ಕಣವೇ ಇಲ್ಲ. ಅದು ಹೀರದೆ ಕಪ್ಪಾಗಿ ಉಳಿಯುತ್ತದೆ. ಒಂದು ಸೆಂಟಿಮೀಟರಿಗಿಂತ ಕಿರಿದಾದ, ಬೇರೆ ಪರೀಕ್ಷೆಗಳು ಬಿಟ್ಟುಹೋದ ಚುಕ್ಕೆಗಳೂ ಎಷ್ಟೋ ಸಲ ಹೀಗೆ ಸಿಕ್ಕಿಬೀಳುತ್ತವೆ. ಇಲ್ಲಿ ಬಣ್ಣ ಹತ್ತುವುದು ರೋಗಕ್ಕಲ್ಲ, ಆರೋಗ್ಯಕ್ಕೆ ಎಂಬುದೇ ಸ್ವಾರಸ್ಯ.

ಹಾಗೆಂದು ಕಪ್ಪಾದುದೆಲ್ಲ ಕ್ಯಾನ್ಸರಲ್ಲ. ನೀರುಗುಳ್ಳೆಗಳು, ರಕ್ತನಾಳಗಳ ನಿರಪಾಯವಾದ ಗಂಟುಗಳು ಕೂಡ ಕಪ್ಪಾಗಿಯೇ ಕಾಣುತ್ತವೆ. ಅದಕ್ಕಾಗಿಯೇ ಔಷಧ ಹರಿಯುವ ಮೊದಲ ನಿಮಿಷದಿಂದ ಹಿಡಿದು ಹಂತಹಂತವಾಗಿ, ರೋಗಿಗೆ ಉಸಿರು ಬಿಗಿಹಿಡಿಯಹೇಳಿ, ಚಿತ್ರ ತೆಗೆಯುತ್ತಾರೆ. ಯಕೃತ್ತು ಮೊದಲೇ ಜರ್ಜರಿತವಾಗಿದ್ದರೆ ಬಣ್ಣವೂ ಸರಿಯಾಗಿ ಹಿಡಿಯದು.

ಥೋರಿಯಮ್ಮಿನ ಪಾಠವನ್ನಂತೂ ಮರೆಯುವಂತಿಲ್ಲ. ಮೂತ್ರಪಿಂಡ ತೀರ ಕೆಟ್ಟವರಲ್ಲಿ ಕೆಲವು ಗ್ಯಾಡೋಲಿನಿಯಂ ಔಷಧಗಳಿಂದ ಚರ್ಮ ಮತ್ತು ಅಂಗಗಳು ಬಿರುಸಾಗುವ ವ್ಯಾಧಿ ಬರುವುದೆಂದು ೨೦೦೬ರಲ್ಲಿ ಹೊರಬಿದ್ದಿತು. ಲೋಹದ ಕಿಂಚಿತ್ ಅಂಶ ಮೆದುಳಿನಲ್ಲಿ ಉಳಿಯುತ್ತದೆಂದು ೨೦೧೪ರಿಂದೀಚೆಗೆ ತಿಳಿಯಿತು. ಯುರೋಪಿನ ಔಷಧ ನಿಯಂತ್ರಕರು ೨೦೧೭ರಲ್ಲಿ ಇಂಥ ಕೆಲವು ಔಷಧಗಳನ್ನು ತಡೆಹಿಡಿದರು. ಆದರೆ ಗ್ಯಾಡೊಕ್ಸೆಟಿಕ್ ಆಮ್ಲವನ್ನು, ಅದರ ಕೆಲಸವನ್ನು ಬೇರೆಯದು ಸುಲಭವಾಗಿ ಮಾಡಲಾರದೆಂದು, ಯಕೃತ್ತಿನ ಪರೀಕ್ಷೆಗೆಂದೇ ಉಳಿಸಿದರು. ಹಿಂದೆ ಚಿತ್ರದ ಸೊಗಸು ಎಚ್ಚರಿಕೆಯನ್ನು ಮರೆಸಿತ್ತು; ಈ ಸಲ ಲಾಭನಷ್ಟಗಳನ್ನು ತಕ್ಕಡಿಯಲ್ಲಿಟ್ಟು ತೂಗಿದರು.

ಇಷ್ಟೆಲ್ಲ ಶ್ರಮ ಒಂದೆರಡು ಚುಕ್ಕೆಗಳಿಗಾಗಿ ಏಕೆ ಎನ್ನುವವರುಂಟು. ಹಿಂದೆ ಯಕೃತ್ತಿಗೆ ಹಬ್ಬಿದ ಕ್ಯಾನ್ಸರೆಂದರೆ ಮಾತು ಮುಗಿದಂತೆ. ಈಗ ಹಾಗಲ್ಲ. ಯಕೃತ್ತು ಮತ್ತೆ ಬೆಳೆಯುವ ಅಂಗ. ಆರೋಗ್ಯವಾಗಿದ್ದರೆ ಮೂರರಲ್ಲಿ ಎರಡು ಪಾಲನ್ನು ತೆಗೆದರೂ ಉಳಿದುದು ಕೆಲವು ವಾರಗಳಲ್ಲಿ ಬೆಳೆದು ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಕರುಳಿನ ಕ್ಯಾನ್ಸರು ಯಕೃತ್ತಿಗಷ್ಟೇ ಹಬ್ಬಿದ್ದು, ಗಂಟುಗಳನ್ನೆಲ್ಲ ತೆಗೆಯಲು ಬರುವಂತಿದ್ದರೆ, ಹಾಗೆ ಆರಿಸಿ ಶಸ್ತ್ರಕ್ರಿಯೆ ಮಾಡಿದವರಲ್ಲಿ ನೂರಕ್ಕೆ ೪೦ರ ಸುಮಾರು ಜನ ಐದು ವರ್ಷಗಳಾಚೆಗೂ ಬದುಕುತ್ತಾರೆ. ನಾಲ್ಕು ಗಂಟು ತೆಗೆದು ಐದನೆಯದನ್ನು ಕಾಣದೆ ಬಿಟ್ಟರೆ ಕೊಯ್ದ ನೋವು ಬಹುಪಾಲು ವ್ಯರ್ಥ. ಎರಡೂ ಕಡೆ ತುಂಬ ಗಂಟುಗಳಿವೆಯೆಂದು ಮೊದಲೇ ತಿಳಿದರೆ ಫಲವಿಲ್ಲದ ಶಸ್ತ್ರಕ್ರಿಯೆಯಾದರೂ ತಪ್ಪುತ್ತದೆ. ನಿರಪಾಯದ ಗಂಟನ್ನು ಕ್ಯಾನ್ಸರೆಂದು ಭ್ರಮಿಸಿದರೆ ಬದುಕಬಲ್ಲವನಿಗೆ ಬದುಕಿನ ಬಾಗಿಲು ಮುಚ್ಚಿದಂತೆ.

೧೯೪೮ರಲ್ಲಿ ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ೧೯೫೬ರಲ್ಲಿ ಈ ನಾಡು ಕನ್ನಡ ರಾಜ್ಯಕ್ಕೆ ಸೇರಿತು. ಬೆಳಗಾವಿ, ವಿಜಯಪುರ, ಬಾಗಲಕೋಟೆಗಳಲ್ಲಿ ವೈದ್ಯಕೀಯ ಕಾಲೇಜುಗಳಾದವು. ಮಿರಜದ ದಾರಿಯೊಂದೇ ಗತಿಯೆಂಬ ಕಾಲ ಹೋಯಿತು. ದಾರಿ ಹತ್ತಿರವಾಯಿತೆಂದು ಪರೀಕ್ಷೆ ಅಗ್ಗವಾಗಲಿಲ್ಲ; ಯಂತ್ರದ ಜೊತೆಗೆ ಔಷಧದ ಬೆಲೆಯೂ ಸೇರಿದರೆ ನೇಕಾರನ ಮನೆಗೆ ಅದು ಭಾರವೇ. ಆದುದರಿಂದ ಪರೀಕ್ಷೆಗೆ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ, ಅದನ್ನು ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ: ಚಿತ್ರದಲ್ಲಿ ಇಂಥದು ಕಂಡರೆ, ಅಥವಾ ಕಾಣದಿದ್ದರೆ, ಡಾಕ್ಟರರೇ, ಮುಂದೆ ತಾವು ಮಾಡುವ ಚಿಕಿತ್ಸೆ ಬದಲಾಗುವುದೇ? ಬದಲಾಗುವುದಾದರೆ ಆ ಇಪ್ಪತ್ತು ನಿಮಿಷ ಕಾಯುವುದು ಸಾರ್ಥಕ.