ಫಾರ್ವರ್ಡ್ ಆದ ಹುಳಕ್ಕೆ ಹೆಸರು ಹೇಳುವವರು ಯಾರು? ವಿಜ್ಞಾನದ ಜಾಲತಾಣಗಳು ಬದುಕುವ, ಸಾಯುವ ಕತೆ

2022ರ ಮಳೆಗಾಲದಲ್ಲಿ ಒಂದು ಫೋಟೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಹಸಿರು ಮೈ, ಮೈತುಂಬ ಮುಳ್ಳು ಇರುವ ಒಂದು ಹುಳ. ಜೊತೆಗೆ ಹೊಲದಲ್ಲಿ ಸತ್ತುಬಿದ್ದವರ ಚಿತ್ರ. ಈ ಹುಳ ಕಚ್ಚಿದರೆ ಐದು ನಿಮಿಷದಲ್ಲಿ ಸಾವು, ಎಲ್ಲ ರೈತರಿಗೂ ತಲುಪಿಸಿ ಎಂಬ ಒಕ್ಕಣೆ. ಹತ್ತಿ, ಕಬ್ಬು ಬೆಳೆಯುವ ಊರುಗಳಿಂದ ಹೊರಟ ಸಂದೇಶ ಬೆಂಗಳೂರಿನ ಅಪಾರ್ಟ್‌ಮೆಂಟ್ ಗ್ರೂಪುಗಳವರೆಗೂ ಓಡಿತು.

ನಿಜವೇ? ಅಲ್ಲ. ಅದು ಲೈಮಕೋಡಿಡೆ ಎಂಬ ಕುಟುಂಬದ ಪತಂಗದ ಮರಿ. ನಮ್ಮ ಮಾತಿನಲ್ಲಿ ಕಂಬಳಿಹುಳದ ನೆಂಟ ಎನ್ನಬಹುದು. ಅದು ಕಚ್ಚುವುದಿಲ್ಲ. ಮುಳ್ಳು ತಾಗಿದರೆ ಉರಿ, ತುರಿಕೆ, ಬಾವು ಬರುತ್ತದೆ. ಅಂಟುವ ಟೇಪನ್ನು ಚರ್ಮಕ್ಕೆ ಒತ್ತಿ ಕಿತ್ತರೆ ಮುಳ್ಳು ಹೊರಬರುತ್ತವೆ, ಆಮೇಲೆ ಸೋಪು ನೀರಿನಲ್ಲಿ ತೊಳೆಯಬೇಕು. ಅಲರ್ಜಿ ಇರುವವರಿಗೆ ಉಸಿರಾಟದ ತೊಂದರೆ ಆದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹೊಲದಲ್ಲಿ ಸತ್ತವರ ಚಿತ್ರ ಮಹಾರಾಷ್ಟ್ರದ್ದು, ಆ ಸಾವಿಗೆ ಕಾರಣ ಸಿಡಿಲು ಎಂದು ಸುದ್ದಿ ಪರಿಶೀಲಿಸುವವರು ಆಗಲೇ ತೋರಿಸಿಕೊಟ್ಟರು.

ಇಷ್ಟು ಹೇಳಿದರೆ ಫಾರ್ವರ್ಡಿನ ಲೆಕ್ಕ ಮುಗಿಯಿತು. ಆದರೆ ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ಒಂದು ಫೋಟೊ ನೋಡಿ ಇದು ಇಂಥ ಹುಳ ಎಂದು ಯಾರು ಹೇಳುತ್ತಾರೆ? ಎಲ್ಲಿ ಕೂತು ಹೇಳುತ್ತಾರೆ? ಅದಕ್ಕೆ ದುಡ್ಡು ಕೊಡುವವರು ಯಾರು?

ಬೆಂಗಳೂರಿನಲ್ಲೇ ಹುಟ್ಟಿದ ತಾಣಗಳು

ದೂರ ಹೋಗಬೇಕಿಲ್ಲ. 2005ರಲ್ಲಿ ಕೇಂದ್ರ ಸರ್ಕಾರ ಸ್ಯಾಮ್ ಪಿತ್ರೋಡಾ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಜ್ಞಾನ ಆಯೋಗ ಮಾಡಿತು. ನೀರು, ಜೀವವೈವಿಧ್ಯದಂಥ ವಿಷಯಗಳಿಗೆ ಜನರೆಲ್ಲ ಬಳಸುವಂಥ ಜಾಲತಾಣ ಬೇಕು ಎಂದು ಆ ಆಯೋಗ ಹೇಳಿತು. ನೀರಿನ ತಾಣವನ್ನು, ಅಂದರೆ ಇಂಡಿಯಾ ವಾಟರ್ ಪೋರ್ಟಲ್ ಅನ್ನು, ಬೆಂಗಳೂರಿನ ಅರ್ಘ್ಯಂ ಸಂಸ್ಥೆ 2007ರಲ್ಲಿ ಶುರು ಮಾಡಿತು. 2008ರ ಕೊನೆಯಲ್ಲಿ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಬಂತು. ಬೆಂಗಳೂರಿನ ಸ್ಟ್ರಾಂಡ್ ಲೈಫ್ ಸೈನ್ಸಸ್, ಏಟ್ರೀ, ಪುದುಚೇರಿಯ ಫ್ರೆಂಚ್ ಸಂಸ್ಥೆ ಮುಂತಾದವು ಕೂಡಿ ಕಟ್ಟಿದ್ದು ಅದು.

ಆಯೋಗದ ಅವಧಿ 2009ರಲ್ಲಿ ಮುಗಿಯಿತು. ತಾಣಗಳು ಉಳಿದುಕೊಂಡವು. ಸರ್ಕಾರಿ ಶಿಫಾರಸಿನಿಂದ ಹುಟ್ಟಿದ್ದು ಶಿಫಾರಸು ಮಾಡಿದವರಿಗಿಂತ ಹೆಚ್ಚು ಕಾಲ ಬಾಳುವುದು ನಮ್ಮಲ್ಲಿ ಅಪರೂಪ.

ಬಯೋಡೈವರ್ಸಿಟಿ ಪೋರ್ಟಲ್ ಕೆಲಸ ಮಾಡುವ ಬಗೆ ಸರಳ. ಬೈಯಪ್ಪನಹಳ್ಳಿ ಮೆಟ್ರೊ ನಿಲ್ದಾಣದಿಂದ ಇಳಿದು ಬರುವಾಗ ಬೇಲಿಯ ಮೇಲೆ ಒಂದು ವಿಚಿತ್ರ ಹುಳ ಕಂಡಿತು ಎಂದುಕೊಳ್ಳಿ. ಫೋಟೊ ತೆಗೆದು, ಎಲ್ಲಿ, ಯಾವತ್ತು ಕಂಡಿತು ಎಂದು ಬರೆದು ಹಾಕುತ್ತೀರಿ. ಹೆಸರು ಗೊತ್ತಿಲ್ಲದಿದ್ದರೆ ಕೀಟ ಎಂದಷ್ಟೇ ಗುರುತು ಹಾಕಿದರೂ ಸಾಕು. ಯಾರೋ ಒಬ್ಬರು ಒಂದು ಹೆಸರು ಸೂಚಿಸುತ್ತಾರೆ, ಇನ್ನೊಬ್ಬರು ಒಪ್ಪುತ್ತಾರೆ ಅಥವಾ ಅಲ್ಲ ಎನ್ನುತ್ತಾರೆ. ಕೊನೆಗೆ ಆ ಗುಂಪಿನ ಜೀವಿಗಳನ್ನು ಓದಿಕೊಂಡವರು ಹೆಸರನ್ನು ಖಚಿತ ಮಾಡುತ್ತಾರೆ. ಅವರಲ್ಲಿ ಪ್ರೊಫೆಸರ್ ಇರಬಹುದು, ಬ್ಯಾಂಕಿನಲ್ಲಿ ಕೆಲಸ ಮಾಡುತ್ತ ಇಪ್ಪತ್ತು ವರ್ಷದಿಂದ ಪತಂಗ ನೋಡುವ ಹವ್ಯಾಸಿಯೂ ಇರಬಹುದು. ಈ ಕೆಲಸಕ್ಕೆ ಇವರಿಗೆ ಸಂಬಳ ಇಲ್ಲ.

ಚಿಟ್ಟೆಗಳಿಗೆ ಬೇರೆಯೇ ತಾಣವಿದೆ. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್ ಸಂಸ್ಥೆಯ ಕೃಷ್ಣಮೇಘ ಕುಂಟೆ ಮತ್ತು ಗೆಳೆಯರು 2010ರಲ್ಲಿ ಆರಂಭಿಸಿದ ಬಟರ್‌ಫ್ಲೈಸ್ ಆಫ್ ಇಂಡಿಯಾ. ಅಲ್ಲಿ ಪರಿಣತರು ನೋಡಿ ಒಪ್ಪಿದ ಮೇಲೇ ಫೋಟೊ ಪ್ರಕಟವಾಗುತ್ತದೆ. ಪತಂಗ, ಏರೋಪ್ಲೇನ್ ಚಿಟ್ಟೆ, ಕಪ್ಪೆ, ಹಾವುಗಳಿಗೂ ಅದೇ ಮಾದರಿಯ ಸೋದರ ತಾಣಗಳಿವೆ. ಒಂದು ಕಡೆ ಬಾಗಿಲು ತೆರೆದಿಟ್ಟು ಒಳಗೆ ಬಂದ ಮೇಲೆ ಜರಡಿ ಹಿಡಿಯುತ್ತಾರೆ, ಇನ್ನೊಂದು ಕಡೆ ಬಾಗಿಲಲ್ಲೇ ಜರಡಿ. ಎರಡಕ್ಕೂ ಅದರದ್ದೇ ಲಾಭವಿದೆ. ಹೊಸಬರಿಗೆ ಮೊದಲನೆಯದು ಹಿಡಿಸುತ್ತದೆ. ಓದುವವರಿಗೆ ಎರಡನೆಯದರ ಮೇಲೆ ಭರವಸೆ ಹೆಚ್ಚು.

ಗುಬ್ಬಚ್ಚಿಯನ್ನು ಕೊಂದಿದ್ದು ಟವರೇ?

ಇದರಿಂದೆಲ್ಲ ಏನು ಪ್ರಯೋಜನ ಎನ್ನುವವರಿಗೆ ಇನ್ನೊಂದು ಹಳೆಯ ಫಾರ್ವರ್ಡ್ ನೆನಪಿಸುತ್ತೇನೆ. ಮೊಬೈಲ್ ಟವರ್‌ನಿಂದ ಗುಬ್ಬಚ್ಚಿಗಳು ನಾಶವಾದವು ಎಂಬುದು. 2018ರಲ್ಲಿ ರಜನಿಕಾಂತ್ ಅವರ 2.0 ಸಿನಿಮಾ ಬಂದ ಮೇಲಂತೂ ಅದು ಬಹಳ ಜನರ ಪಾಲಿಗೆ ವಿಜ್ಞಾನವೇ ಆಗಿಹೋಯಿತು. ಹಳೆ ಬೆಂಗಳೂರಿಗರು ಹಲಸೂರಿನ ದಿನಸಿ ಅಂಗಡಿಯ ಮುಂದೆ ಕಾಳು ಹೆಕ್ಕುತ್ತಿದ್ದ ಗುಬ್ಬಿಗಳನ್ನು ನೆನೆದು ಹೌದು ಹೌದು ಎಂದರು.

ಒಬ್ಬರ ನೆನಪಿನಿಂದ ಇದನ್ನು ತೀರ್ಮಾನಿಸಲಾಗದು. ಸಾವಿರಾರು ಜನರು ಬೇರೆ ಬೇರೆ ಊರಿನಲ್ಲಿ, ಬೇರೆ ಬೇರೆ ವರ್ಷ ಕಂಡದ್ದು ಒಂದೇ ಕಡೆ, ಒಂದೇ ರೀತಿಯಲ್ಲಿ ದಾಖಲಾಗಿರಬೇಕು. ಆ ಕೆಲಸ ಮಾಡಿದ್ದು ಇಬರ್ಡ್ ಎಂಬ ತಾಣ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ 2002ರಲ್ಲಿ ಅದನ್ನು ಶುರು ಮಾಡಿತು. ನಮ್ಮಲ್ಲಿ ಅದನ್ನು ಬೆಳೆಸಿದವರು ಬರ್ಡ್ ಕೌಂಟ್ ಇಂಡಿಯಾ ಗುಂಪಿನವರು ಮತ್ತು ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್.

ಇಲ್ಲಿ ಒಂದು ಜಾಣ ನಿಯಮವಿದೆ, ತುಸು ನಿಧಾನವಾಗಿ ಓದಿ. ಬೆನ್ನಿಗಾನಹಳ್ಳಿ ಕೆರೆಯ ಹತ್ತಿರ ಇಪ್ಪತ್ತು ನಿಮಿಷ ನಿಂತರೆ, ಅಪರೂಪದ ಹಕ್ಕಿಯೊಂದನ್ನೇ ಬರೆಯಬೇಡಿ ಎನ್ನುತ್ತದೆ ಇಬರ್ಡ್. ಕಾಗೆ, ಪಾರಿವಾಳ, ಹದ್ದು, ಬೆಳ್ಳಕ್ಕಿ, ಏನೇನು ಗುರುತು ಸಿಕ್ಕಿತೋ ಅಷ್ಟನ್ನೂ ಬರೆಯಿರಿ, ಎಷ್ಟು ಹೊತ್ತು ನಿಂತಿರಿ ಎಂಬುದನ್ನೂ ಬರೆಯಿರಿ. ಯಾಕೆಂದರೆ ಪೂರ್ತಿ ಪಟ್ಟಿಯಲ್ಲಿ ಇಲ್ಲದ ಹಕ್ಕಿಯೂ ಒಂದು ಮಾಹಿತಿ. ನೂರು ಪಟ್ಟಿಯಲ್ಲಿ ಎಷ್ಟರಲ್ಲಿ ಗುಬ್ಬಿ ಇತ್ತು ಎಂಬ ಲೆಕ್ಕದಿಂದ ಏರಿಳಿತ ಗೊತ್ತಾಗುತ್ತದೆ. ಇವತ್ತು ಗುಬ್ಬಿ ಕಂಡೆ ಎಂದು ಸ್ಟೇಟಸ್ ಹಾಕಿದರೆ ಖುಷಿಯಾಗಬಹುದು, ಆದರೆ ಈ ಲೆಕ್ಕಕ್ಕೆ ಅದು ಸಿಗುವುದಿಲ್ಲ. ಹಲವರು ತಮ್ಮ ಹಳೆಯ ನೋಟ್‌ಬುಕ್‌ಗಳಲ್ಲಿದ್ದ ಪಟ್ಟಿಗಳನ್ನೂ ಕೂತು ಟೈಪ್ ಮಾಡಿ ಸೇರಿಸಿದರು. ಆದ್ದರಿಂದಲೇ ಇಬರ್ಡ್ ಹುಟ್ಟುವ ಮುಂಚಿನ ವರ್ಷಗಳ ಅಂದಾಜೂ ಸಿಕ್ಕಿತು.

ಹಲವು ಸಂಸ್ಥೆಗಳು ಸೇರಿ 2020ರಲ್ಲಿ ತಂದ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಗೆ ಸುಮಾರು 15,500 ಹಕ್ಕಿವೀಕ್ಷಕರ ಒಂದು ಕೋಟಿಗೂ ಹೆಚ್ಚು ದಾಖಲೆ ಆಧಾರವಾಯಿತು. 2023ರ ವರದಿಯ ಹೊತ್ತಿಗೆ ಅದು 30,000 ಜನ, ಮೂರು ಕೋಟಿ ದಾಖಲೆ. ಗುಬ್ಬಚ್ಚಿಯ ಬಗ್ಗೆ ಸಿಕ್ಕ ಉತ್ತರ ಇದು: ದೇಶದಲ್ಲಿ ಒಟ್ಟಾರೆ ಅದರ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ, ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ ಮಾತ್ರ ಇಳಿದಿದೆ. ಟವರ್ ಕಾರಣ ಎನ್ನಲು ಪುರಾವೆ ಇಲ್ಲ. ಮರಿಗಳಿಗೆ ಬೇಕಾದ ಹುಳಹುಪ್ಪಟೆ ಮತ್ತು ಗೂಡಿಗೆ ಜಾಗ ಕಡಿಮೆಯಾದದ್ದು ಕಾರಣ ಇರಬಹುದು. ಹಂಚಿನ ಮನೆ ಹೋಗಿ ಗಾಜಿನ ಕಟ್ಟಡ ಬಂದ ಕಡೆ ಗುಬ್ಬಿ ಎಲ್ಲಿ ಗೂಡು ಕಟ್ಟೀತು? ಹಲಸೂರಿನ ಹಿರಿಯರ ನೆನಪು ಸುಳ್ಳಲ್ಲ, ಅವರು ಹೇಳಿದ ಕಾರಣಕ್ಕೆ ಮಾತ್ರ ಆಧಾರವಿಲ್ಲ.

ಕಟ್ಟುವುದು ಸುಲಭ, ಕಾಯುವುದು ಕಷ್ಟ

ಜಾಲತಾಣ ಎಂದರೆ ಒಮ್ಮೆ ಮಾಡಿಟ್ಟರೆ ತನ್ನಷ್ಟಕ್ಕೆ ಇರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷದ ಮೇಲೆ ತೆರೆಯುವುದೇ ಇಲ್ಲ. ನಾನೇ ಒಂದು ಕಾಲದಲ್ಲಿ ಒಂದು ತಾಣಕ್ಕೆ ನಲವತ್ತು ಐವತ್ತು ಗಿಡಗಳ ಫೋಟೊ ಹಾಕಿದ್ದೆ. ಒಂದು ದಿನ ನೋಡಿದರೆ ಆ ವಿಳಾಸದಲ್ಲಿ ಇಸ್ಪೀಟು ಆಟದ ಜಾಹೀರಾತು! ಡೊಮೇನ್ ಹೆಸರಿನ ವರ್ಷದ ಬಾಡಿಗೆ ಕಟ್ಟುವವರಿಲ್ಲದಿದ್ದರೆ ಹೀಗೆಯೇ ಆಗುವುದು. ನಿಮಗೆ ಬರುವ ಹಳೆಯ ಫಾರ್ವರ್ಡ್‌ಗಳಲ್ಲಿರುವ ವಿಜ್ಞಾನದ ಲಿಂಕು ಜೂಜಿನ ತಾಣಕ್ಕೆ ಒಯ್ದರೆ ಕಾರಣ ಇದಿರಬಹುದು. ಅಲ್ಲಿ ಏನನ್ನೂ ಒತ್ತದೆ ಹಿಂದಕ್ಕೆ ಬನ್ನಿ.

ಸಂಶೋಧನೆಗೆ ಹಣ ಬರುವುದು ಸಾಮಾನ್ಯವಾಗಿ ಮೂರು ವರ್ಷ, ಐದು ವರ್ಷದ ಯೋಜನೆಗಳ ರೂಪದಲ್ಲಿ. ಹೊಸದನ್ನು ಕಟ್ಟುವುದಕ್ಕೆ ಹಣ ಕೊಡುವವರು ಸಿಗುತ್ತಾರೆ, ಉದ್ಘಾಟನೆಗೂ ಬರುತ್ತಾರೆ. ನಾಲ್ಕನೆಯ ವರ್ಷ ಸರ್ವರ್ ಬಾಡಿಗೆ, ಬ್ಯಾಕಪ್, ಹಳೆಯ ತಂತ್ರಾಂಶದ ತೂತು ಮುಚ್ಚುವ ಕೆಲಸಕ್ಕೆ ಯಾರೂ ಇಲ್ಲ. ತಾಣ ಬರೆದುಕೊಟ್ಟ ಹುಡುಗ ಬೇರೆ ಕಂಪನಿ ಸೇರಿರುತ್ತಾನೆ. ಪಾಸ್‌ವರ್ಡ್ ಅವನ ಹತ್ತಿರವೇ ಉಳಿದಿರುತ್ತದೆ. ನಮ್ಮೂರಿನ ಕೆರೆಗಳ ಹಾಗೆಯೇ ಇದು, ಕಟ್ಟಿಸಿದವರ ಹೆಸರು ಕಲ್ಲಿನ ಮೇಲಿರುತ್ತದೆ, ಹೂಳೆತ್ತುವವರು ಕಾಣುವುದಿಲ್ಲ.

ಯಂತ್ರದ ಕೆಲಸಕ್ಕಿಂತ ಹೆಸರಿನ ಕೆಲಸ ದೊಡ್ಡದು. ಹೊಂಗೆ ಮರವನ್ನೇ ತೆಗೆದುಕೊಳ್ಳಿ. ನಮಗೆ ಹೊಂಗೆ ಎಂದರೆ ಹೊಂಗೆ. ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಅದು ಪೊಂಗೇಮಿಯಾ ಪಿನ್ನಾಟಾ, ಡೆರಿಸ್ ಇಂಡಿಕಾ, ಮಿಲೆಟಿಯಾ ಪಿನ್ನಾಟಾ ಎಂದು ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತದೆ. ಈ ಮೂರೂ ಒಂದೇ ಮರ ಎಂದು ಯಾರಾದರೂ ಕೂತು ಜೋಡಿಸದಿದ್ದರೆ, ಹೊಂಗೆ ಎಲ್ಲೆಲ್ಲಿದೆ ಎಂದು ಹುಡುಕಿದವರಿಗೆ ಮೂರರಲ್ಲಿ ಒಂದು ಪಾಲಷ್ಟೇ ಸಿಕ್ಕೀತು. ಇದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ, ವರ್ಷವರ್ಷವೂ ಹೆಸರುಗಳು ಬದಲಾಗುತ್ತಲೇ ಇರುತ್ತವೆ. ಕನ್ನಡದ ಊರಹೆಸರುಗಳನ್ನು ಸೇರಿಸುವ ಕೆಲಸ ಇನ್ನೂ ಬಾಕಿ ಬಿದ್ದಿದೆ. ಇದಕ್ಕೆ ಡಿಗ್ರಿ ಬೇಡ, ನಿಮ್ಮ ಅಜ್ಜಿ ಆ ಗಿಡವನ್ನು ಏನೆಂದು ಕರೆಯುತ್ತಿದ್ದರು ಎಂಬುದು ಗೊತ್ತಿದ್ದರೆ ಸಾಕು.

ಹಾಗಾದರೆ ಉಳಿದುಕೊಂಡ ತಾಣಗಳು ಉಳಿದದ್ದು ಹೇಗೆ? ಮೈಗ್ರಂಟ್‌ವಾಚ್ ಎಂಬುದೊಂದಿತ್ತು. ಚಳಿಗಾಲಕ್ಕೆ ಬರುವ ವಲಸೆ ಹಕ್ಕಿಗಳು ನಿಮ್ಮೂರಿಗೆ ಮೊದಲು ಯಾವತ್ತು ಬಂದವು ಎಂದು ಬರೆಸಿಕೊಳ್ಳಲು 2007ರಲ್ಲಿ ಎನ್‌ಸಿಬಿಎಸ್‌ನಲ್ಲಿ ಶುರುವಾದದ್ದು. ಮುಂದೆ ಇಬರ್ಡ್ ಇಲ್ಲಿ ಬೆಳೆದಾಗ, ಎರಡು ಅಂಗಡಿ ಯಾಕೆಂದು ತಮ್ಮ ದಾಖಲೆಗಳನ್ನೆಲ್ಲ ಇಬರ್ಡ್‌ಗೆ ಸಾಗಿಸಿ ತಮ್ಮದನ್ನು ಮುಗಿಸಿದರು. ಹೀಗೆ ಮುಚ್ಚುವುದಕ್ಕೂ ದೊಡ್ಡ ಮನಸ್ಸು ಬೇಕು. ತಾಣ ಹೋಯಿತು, ಜನ ಬರೆದದ್ದು ಹೋಗಲಿಲ್ಲ. ನನ್ನ ಲೆಕ್ಕದಲ್ಲಿ ಅದು ಗೆದ್ದ ತಾಣವೇ.

ಬಯೋಡೈವರ್ಸಿಟಿ ಪೋರ್ಟಲ್ ಹಿಡಿದ ದಾರಿ ಬೇರೆ. ಅದರ ತಂತ್ರಾಂಶ ಮುಕ್ತ, ಯಾರು ಬೇಕಾದರೂ ಬಳಸಬಹುದು. 2013ರಲ್ಲಿ ಭೂತಾನ್ ತನ್ನ ಜೀವವೈವಿಧ್ಯ ತಾಣವನ್ನು ಅದೇ ತಂತ್ರಾಂಶದ ಮೇಲೆ ಕಟ್ಟಿಕೊಂಡಿತು. ಇಬ್ಬರು ಬಳಸುವ ತಂತ್ರಾಂಶವನ್ನು ರಿಪೇರಿ ಮಾಡುವವರೂ ಇಬ್ಬರಾಗುತ್ತಾರೆ. ಜೊತೆಗೆ ಅಲ್ಲಿನ ಫೋಟೊ, ಬರಹಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿವೆ. ಅಂದರೆ ತೆಗೆದವರ ಹೆಸರು ಹೇಳಿ ಬೇರೆಯವರು ಬಳಸಬಹುದು, ನಕಲು ಇಟ್ಟುಕೊಳ್ಳಬಹುದು. ದಾಖಲೆಗಳು ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಕಚೇರಿ ಇರುವ ಜಿಬಿಐಎಫ್ ಎಂಬ ಜಾಗತಿಕ ಭಂಡಾರಕ್ಕೂ ಹೋಗುತ್ತವೆ. ಇಲ್ಲಿನ ಸರ್ವರ್ ನಿಂತರೂ ದಾಖಲೆಯ ಇನ್ನೊಂದು ಪ್ರತಿ ಅಲ್ಲಿರುತ್ತದೆ.

ನಿಮ್ಮ ಫೋಟೊ ಹಾಕುವ ಮುಂಚೆ

ಫಾರ್ವರ್ಡ್ ಆಗಿ ಬಂದ ಫೋಟೊವನ್ನು ಇಂಥ ತಾಣಗಳಿಗೆ ಹಾಕಬೇಡಿ. ಅದು ನಿಮ್ಮದಲ್ಲ ಎಂಬುದು ಒಂದು ಕಾರಣ. ಇನ್ನೊಂದು, ವಾಟ್ಸಾಪಿನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದಾಗ ಚಿತ್ರ ಕುಗ್ಗುತ್ತದೆ, ಅದರೊಳಗೆ ಅಡಗಿದ್ದ ದಿನಾಂಕ ಮತ್ತು ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ. ಎಲ್ಲಿ, ಯಾವಾಗ ಎಂದು ಗೊತ್ತಿಲ್ಲದ ಚಿತ್ರದಿಂದ ವಿಜ್ಞಾನಕ್ಕೆ ಉಪಯೋಗವಿಲ್ಲ. ಹೊಲದಲ್ಲಿ ಸಿಡಿಲು ಬಡಿದು ಸತ್ತವರ ಚಿತ್ರಕ್ಕೆ ಹುಳದ ಕತೆ ಅಂಟಿಕೊಳ್ಳಲು ಸಾಧ್ಯವಾದದ್ದೂ ಇದರಿಂದಲೇ. ನೀವೇ ತೆಗೆದದ್ದಾದರೆ ಗ್ಯಾಲರಿಯಿಂದ ನೇರವಾಗಿ ಹಾಕಿ. ಫೋನಿನ ಲೊಕೇಶನ್ ಆನ್ ಇದ್ದರೆ ಸ್ಥಳ ತಾನಾಗಿಯೇ ಬರುತ್ತದೆ. ಮನೆಯ ಹಿತ್ತಲಿನಲ್ಲಿ ತೆಗೆದದ್ದಾದರೆ ಸ್ಥಳವನ್ನು ಬಡಾವಣೆಯ ಮಟ್ಟಕ್ಕೆ ಮಸುಕು ಮಾಡಿ ಹಾಕಿ.

ಗೊತ್ತಿರಲಿ, ಇವು ತುರ್ತಿಗೆ ಆಗುವ ತಾಣಗಳಲ್ಲ. ಹಾವು ಕಚ್ಚಿದಾಗ ಫೋಟೊ ಹಾಕಿ ಉತ್ತರ ಕಾಯುತ್ತ ಕೂರಬಾರದು, ಹಾವನ್ನು ಹುಡುಕಿಕೊಂಡೂ ಹೋಗಬಾರದು. ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಸೇರಿ ತಯಾರಾದದ್ದು, ಆದ್ದರಿಂದ ಹೆಸರು ಗೊತ್ತಾಗಲಿ ಎಂದು ತಡಮಾಡುವುದರಲ್ಲಿ ಅರ್ಥವಿಲ್ಲ. ಕಚ್ಚಿಸಿಕೊಂಡವರನ್ನು ಓಡಾಡಿಸದೆ 108ಕ್ಕೆ ಕರೆ ಮಾಡಿ.

ಗೂಬೆಯ ಗೂಡು, ನಕ್ಷತ್ರ ಆಮೆಯಂಥವು ಕಂಡರೆ ಜಾಗದ ಹೆಸರನ್ನು ಗ್ರೂಪಿನಲ್ಲಿ ಬರೆಯಬೇಡಿ. ಕದ್ದು ಮಾರುವವರೂ ಗ್ರೂಪುಗಳಲ್ಲಿರುತ್ತಾರೆ. ಅಳಿವಿನಂಚಿನ ಜೀವಿಯ ದಾಖಲೆ ಬಂದಾಗ ಐನ್ಯಾಚುರಲಿಸ್ಟ್ ತಾನಾಗಿಯೇ ನಕ್ಷೆಯಲ್ಲಿ ಸರಿಯಾದ ಜಾಗವನ್ನು ಮರೆಮಾಡುತ್ತದೆ, ಇಬರ್ಡ್ ಕೂಡ ಕೆಲವು ಹಕ್ಕಿಗಳ ವಿವರವನ್ನು ಬಚ್ಚಿಡುತ್ತದೆ. ವಾಟ್ಸಾಪ್ ಗ್ರೂಪಿನಲ್ಲಿ ಆ ಏರ್ಪಾಡು ಇಲ್ಲ.